ಹತ್ತಕ್ಕೆ ನಾಲ್ಕು

ಭಾವನಿಗೆ ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಒಂಬತ್ತು ಕೊಡಬೇಕಿತ್ತು. ಯಾಕೆ ಕೊಡಲಿಲ್ಲ ಎಂದು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ನಮ್ಮದು ಕನ್ನಡಕದ ಗಾಜು ಅರೆಯುವ ಕಾರ್ಖಾನೆ. ಅಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬಳೇ: ಒಂದು ಮೇಜು, ಒಂದು ತಣ್ಣನೆಯ ಕೋಣೆ, ಅದರೊಳಗೆ ಸದಾ ಗುಂಯ್‌ಗುಡುವ ಮೂರು ಹಳೆಯ ಸರ್ವರ್‌ಗಳು. ಅವನ್ನು ತೆಗೆದು ಒಂದೇ ದೊಡ್ಡ ಸರ್ವರ್ ತರುವುದೆಂದು ತೀರ್ಮಾನವಾಯಿತು. ಅದನ್ನು ಒಳಗೇ ಪಾಲು ಮಾಡಬೇಕು. ಅಂಗಡಿಗಳ ಆರ್ಡರಿಗೆ ಒಂದು ಪಾಲು, ಅರೆಯುವ ಯಂತ್ರಗಳಿಗೆ ಒಂದು, ದಾಸ್ತಾನಿಗೆ ಒಂದು. ಒಂದೇ ಮನೆಯಲ್ಲಿ ಗೋಡೆ ಎಬ್ಬಿಸಿ ಮೂರು ಸಂಸಾರ ಹೂಡಿದಂತೆ. ಒಬ್ಬರ ಜಗಳ ಇನ್ನೊಬ್ಬರಿಗೆ ಕೇಳಿಸಬಾರದು. ಈ ಕೆಲಸವನ್ನು ಸರ್ವರ್ ತಯಾರಕರ ಪರೀಕ್ಷೆ ಪಾಸಾದ, ಅದನ್ನು ಮಾರಿ ಅಳವಡಿಸಿಕೊಡುವ ರೀಸೆಲರ್‌ಗಳೇ ಮಾಡಬೇಕೆಂದು ನಿಯಮ.

ಅಕ್ಕನ ಗಂಡ ಅಂಥ ಒಬ್ಬ ರೀಸೆಲರ್. ಐವತ್ತೆರಡನೇ ವಯಸ್ಸಿನಲ್ಲಿ, ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಅಕ್ಕನಿಂದ ಪ್ರಶ್ನೆ ಕೇಳಿಸಿಕೊಂಡು ಆ ಪರೀಕ್ಷೆ ಪಾಸು ಮಾಡಿದ್ದರು. ಆದರೆ ಪಾಸಾದ ಮೇಲೆ ಒಂದು ಕೆಲಸವೂ ಸಿಕ್ಕಿರಲಿಲ್ಲ. ಮೊದಲನೆಯದನ್ನು ತೋರಿಸದೆ ಎರಡನೆಯದನ್ನು ಯಾರೂ ಕೊಡುವುದಿಲ್ಲ.

ಅರ್ಜಿ ಹಾಕಿದವರು ಮೂವರು, ಅಂಕ ಹಾಕುವವರೂ ಮೂವರು: ಉತ್ಪಾದನೆಯ ಮೇಲ್ವಿಚಾರಕರು, ದಾಸ್ತಾನಿನ ಮೇಡಂ, ನಾನು. ನನಗೆ ಸಂಬಂಧ ಇದೆ, ನನ್ನನ್ನು ಬಿಟ್ಟುಬಿಡಿ ಎಂದು ಯಜಮಾನರಿಗೆ ಹೇಳಿದೆ. "ಹೇಳಿದ್ದೀಯಲ್ಲ, ಸಾಕು. ಇದರ ತಲೆಬುಡ ಗೊತ್ತಿರೋಳು ನೀನೊಬ್ಬಳೇ," ಅಂದರು.

ಭಾವನ ಯೋಜನೆ ಓದಿ ನಿಜಕ್ಕೂ ಹೆಮ್ಮೆಯಾಯಿತು. ಮಿಕ್ಕ ಇಬ್ಬರೂ ಇಡೀ ಯಂತ್ರವನ್ನು ಮೂರು ಪಾಲಿಗೆ ಪೂರ್ತಿ ಹಂಚಿ ಕೈತೊಳೆದುಕೊಂಡಿದ್ದರು. ಭಾವ ಮಾತ್ರ ಸ್ವಲ್ಪ ಮೆಮೊರಿಯನ್ನು ಯಾರಿಗೂ ಕೊಡದೆ ಮೀಸಲಿಟ್ಟಿದ್ದರು. ಬೆಳಗ್ಗೆ ಹತ್ತಕ್ಕೆ ಅಂಗಡಿಗಳೆಲ್ಲ ಬಾಗಿಲು ತೆರೆದು ಒಟ್ಟಿಗೆ ಆರ್ಡರ್ ಸುರಿಯುತ್ತವೆ. ಆಗ ಉಸಿರು ಕಟ್ಟಿದ ಪಾಲಿಗೆ ಆ ಮೀಸಲು ತಾನಾಗಿ ಹೋಗಬೇಕು. ನಮ್ಮಲ್ಲಿಗೆ ಎರಡು ಸಲ ಬಂದು, ಕೂತು, ನೋಡಿ ಮಾಡಿದ ಯೋಜನೆ ಅದು.

ಅಷ್ಟರಲ್ಲಿ ಟೀ ಕುಡಿಯುವಾಗ ಮೇಲ್ವಿಚಾರಕರು, "ಏನು, ಭಾವನಿಗೆ ಮಣೆ ಹಾಕ್ತೀರಾ?" ಎಂದು ನಕ್ಕರು. ತಮಾಷೆಗೇ ಅಂದಿರಬೇಕು. ನನಗೆ ಮೈಯೆಲ್ಲ ಉರಿಯಿತು. ಅವರು, ಮೇಡಂ ಇಬ್ಬರೂ ಹೇಗಿದ್ದರೂ ಭಾವನಿಗೆ ಜಾಸ್ತಿ ಕೊಡುತ್ತಾರೆ. ನಾನು ಕಡಿಮೆ ಕೊಟ್ಟರೆ ಕೆಲಸವೂ ಭಾವನಿಗೇ ಸಿಗುತ್ತದೆ, ನನ್ನ ಮೇಲೂ ಯಾರೂ ಬೆರಳು ತೋರಿಸುವಂತಿಲ್ಲ. ಹೀಗೆ ಮಹಾ ಜಾಣೆಯ ಹಾಗೆ ನಾಲ್ಕು ಎಂದು ಬರೆದೆ.

ಲೆಕ್ಕವೇನೂ ತಪ್ಪಲಿಲ್ಲ. ಅವರಿಬ್ಬರೂ ಒಂಬತ್ತೊಂಬತ್ತು ಕೊಟ್ಟಿದ್ದರು. ಒಟ್ಟು ಕೂಡಿದಾಗ ಭಾವನೇ ಒಂದು ಅಂಕ ಮುಂದಿದ್ದರು. ಯಜಮಾನರು ಹಾಳೆಯನ್ನು ಎರಡು ಸಲ ನೋಡಿದರು.

"ಸ್ವಂತ ನಾದಿನೀನೇ ನಾಲ್ಕು ಕೊಟ್ಟಿದ್ದಾಳೆ ಅಂದ್ರೆ ನಮಗೆ ಗೊತ್ತಿಲ್ಲದ್ದು ಏನೋ ಇರ್ಬೇಕು," ಅಂದರು. "ಎರಡನೆಯವರಿಗೆ ಕೊಡೋಣ."

ಆಗಲೇ ಹೇಳಬಹುದಿತ್ತು. ಮೇಲ್ವಿಚಾರಕರ ಮುಖ ನೋಡಿದೆ, ಪೆನ್ನಿಗೆ ಮುಚ್ಚಳ ಹಾಕಿದೆ.

ಆ ಭಾನುವಾರ ಭಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್ಕು. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬೇಜಾರೇನಿಲ್ಲ ಕಣಮ್ಮ," ಅಂದರು. "ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು. ಇನ್ನೊಂದು ಕಡೆ ಹಾಕೋವಾಗ ತಿದ್ಕೋತೀನಿ."

ತಪ್ಪು ಇರಲಿಲ್ಲ, ಹುಡುಕಿದೆ. ಆ ಯೋಜನೆಯಲ್ಲಿ ಎಲ್ಲಕ್ಕಿಂತ ಎದ್ದು ಕಾಣುತ್ತಿದ್ದುದೇ ಬಾಯಿಗೆ ಬಂತು.

"ಆ ಮೀಸಲು ಇಟ್ರಲ್ಲ ಭಾವ... ಕೊಂಡು ತಂದಿದ್ದನ್ನ ಸುಮ್ನೆ ಖಾಲಿ ಬಿಟ್ಟ ಹಾಗೆ ಕಾಣ್ಸುತ್ತೆ."

ಅವರು ನೋಟ್‌ಬುಕ್ಕು ಬಿಚ್ಚಿದರು. "ಹೌದಾ? ನಾನು ಅದೇ ಚೆನ್ನಾಗಿದೆ ಅಂದ್ಕೊಂಡಿದ್ದೆ," ಅಂದರು. ಆಮೇಲೆ ಅದನ್ನು ಬರೆದುಕೊಂಡು, ಕೆಳಗೆ ಗೆರೆ ಎಳೆದರು.

ಮೂರು ತಿಂಗಳಾದ ಮೇಲೆ ಮಧ್ಯಾಹ್ನ ಫೋನ್ ಬಂತು. ಅಷ್ಟು ಹಿಗ್ಗಿದ ದನಿಯನ್ನು ಪರೀಕ್ಷೆ ಪಾಸಾದ ದಿನವೂ ನಾನು ಕೇಳಿರಲಿಲ್ಲ. ಒಂದು ಆಸ್ಪತ್ರೆಯ ಕೆಲಸ ಸಿಕ್ಕಿತಂತೆ, ಮುಗಿದೂ ಹೋಯಿತಂತೆ, ಸೋಮವಾರದಿಂದ ಆ ಸರ್ವರ್ ಬಳಕೆಗೆ ಬರುತ್ತದಂತೆ.

"ನೀನು ಹೇಳಿದ ಹಾಗೇ ಮಾಡ್ದೆ ಕಣೇ. ಒಂದು ಚೂರೂ ಮೀಸಲಿಲ್ಲ, ಪೂರ್ತಿ ಹಂಚಿಬಿಟ್ಟೆ."

"ಅಲ್ಲಿ ಬೆಳಗ್ಗೆ ಎಷ್ಟು ಜನ ಬರ್ತಾರೆ ಭಾವ?"

"ಎಂಟು ಗಂಟೆಗೇ ಸಾಲು ಗೇಟ್ ದಾಟಿರುತ್ತೆ. ಯಾಕೆ?"

ಇನ್ನೂ ನಾಲ್ಕು ದಿನವಿತ್ತು. ಒಂದೇ ಒಂದು ಮಾತು ಹೇಳಿದ್ದರೆ, ಅರ್ಧ ದಿನದಲ್ಲಿ ಸರಿಮಾಡಿಕೊಳ್ಳುತ್ತಿದ್ದರು. ಹೇಳಬೇಕೆಂದು ಉಸಿರೂ ಎಳೆದುಕೊಂಡೆ.

"ನಿನ್ನ ಅಕ್ಕನಿಗೂ ಅದೇ ಹೇಳ್ತಿದ್ದೆ," ಅಂದರು ಭಾವ. "ಹೊರಗಿನವರು ಯಾರು ಇಷ್ಟು ನೇರವಾಗಿ ತಪ್ಪು ತೋರಿಸ್ತಾರೆ? ನೀನು ಮನೆಯವಳಾಗಿದ್ದಕ್ಕೆ ತೋರಿಸ್ದೆ."

"ಹೂಂ ಭಾವ," ಅಂದೆ.