ಗಿಟಾರಿನ ಬೆನ್ನು

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮರಸಾಮಾನು ಕಾರ್ಖಾನೆಯ ಪಾಲಿಶ್ ಕೋಣೆಯ ಬಾಗಿಲಿಗೆ ಮೇಸ್ತ್ರಿ ಹೊರಗಿನಿಂದ ಬೀಗ ಹಾಕಿದ. ಒಳಗಿನವರು ಹೊರಗೆ ಬಂದು ಹೊತ್ತು ಕಳೆಯಬಾರದೆಂದು. ಗಾಳಿ ಎಳೆಯುವ ಫ್ಯಾನು ಕೆಟ್ಟು ತಿಂಗಳಾಗಿತ್ತು. ಐದು ಗಂಟೆಗೆ ಬೀಗ ತೆಗೆದಾಗ ಪಾಲಿಶಿಗೆ ಬೆರೆಸುವ ಥಿನ್ನರಿನ ಆವಿಗೆ ಮೂವರು ಸತ್ತಿದ್ದರು. ಒಬ್ಬ ನನ್ನ ಅಣ್ಣ.

ಕಾರ್ಖಾನೆಯ ವರದಿಯಲ್ಲಿ ಬಾಗಿಲು ತೆರೆದೇ ಇತ್ತು. ಮೂವರೂ ಕೆಲಸದ ನಡುವೆ ನಿದ್ದೆ ಹೋಗಿದ್ದರು.

ವಾರದೊಳಗೆ ಅಲ್ಲಿಗೆ ಕಬ್ಬಿಣದ ಬಾಗಿಲು ಬಂತು. ಹಳೆಯ ತೇಗದ ಬಾಗಿಲನ್ನು ಒಡೆದು ಹಿತ್ತಲಿನ ರಾಶಿಗೆ ಎಸೆದರು. ಅದರ ನಡುವಿನ ಅಗಲದ ಹಲಗೆಯನ್ನು ನಾನು ಹೊತ್ತು ತರುವಾಗ ಕಾವಲಿನವನು, "ಒಲೆಗಾ ಅಕ್ಕ?" ಎಂದ. ಹೂಂ ಅಂದೆ.

ಆಗ ನಾನು ಗಿಟಾರ್ ಮಾಡುತ್ತಿದ್ದೆ. ನನಗೆ ಬಾರಿಸಲು ಬರುವುದಿಲ್ಲ. ಎಂಟು ವರ್ಷ ಕಂಡವರ ಕಪಾಟು, ಕಂಡವರ ಮಂಚ ಮಾಡಿದ ಕೈಗೆ, ಯಾರೂ ಆರ್ಡರ್ ಕೊಡದ ಒಂದು ವಸ್ತುವನ್ನು ಮಾಡಿ ನೋಡುವ ಚಪಲ, ಅಷ್ಟೆ. ಅಡುಗೆಮನೆಯ ಮೂಲೆಯೇ ನನ್ನ ಶೆಡ್ಡು. ಕಾದ ಪೈಪಿನ ಮೇಲೆ ಪಕ್ಕೆಗೆಂದು ಒದ್ದೆ ಮರದ ಪಟ್ಟಿ ಬಾಗಿಸುವಾಗ ಮೊದಲಿನ ಎರಡು ಪಟ್ ಎಂದು ಮುರಿದವು. ಅಣ್ಣ ಬಾಗಿಲಲ್ಲಿ ನಿಂತು, "ಗಿಟಾರ್ ಅಂತ ಶುರು ಮಾಡಿದ್ದೀಯ, ತೊಟ್ಟಿಲು ಮಾಡಿ ಮುಗಿಸ್ತೀಯ ಬಿಡು" ಎಂದಿದ್ದ. ಮೂರನೆಯದು ಮಾತು ಕೇಳಿತು. ಅಣ್ಣ ಸಾಯುವ ಹೊತ್ತಿಗೆ ಮುಂಭಾಗ, ಪಕ್ಕೆ, ಕುತ್ತಿಗೆ ಎಲ್ಲ ಸಿದ್ಧವಾಗಿದ್ದವು. ಬೆನ್ನು ಮಾತ್ರ ಬಾಕಿ.

ಹಲಗೆಯನ್ನು ದಪ್ಪದಲ್ಲಿ ಸೀಳಿ ಎರಡು ಪದರ ಮಾಡಿದೆ. ಒಂದರ ಮೈ ನುಣ್ಣಗಿತ್ತು. ಇನ್ನೊಂದು, ಬಾಗಿಲಿನ ಒಳಮೈ. ಎದೆಯೆತ್ತರದಲ್ಲಿ ನಾಲ್ಕು ನಾಲ್ಕು ಬೆರಳಿನ ಗೀರು. ಕೆಳಗೆ ಮತ್ತಷ್ಟು. ಮಂಡಿಯೆತ್ತರದಲ್ಲಿ ಆಳವಿಲ್ಲ, ಉದ್ದವಿತ್ತು.

ವಾದ್ಯ ರಿಪೇರಿ ಮಾಡಿ ಕಣ್ಣು ಸವೆಸಿಕೊಂಡ ಚಿಕ್ಕಪ್ಪ ಬಂದು ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದ. "ಇನ್ನೂ ಬಾಗಿಲೇ ಆಗಿದೆ ಮಗಳೇ. ಇಷ್ಟು ದಪ್ಪ ಬಿಟ್ಟರೆ ಯಾರಾದರೂ ತಟ್ಟಿ, ಒಳಗೆ ಬರಲಾ ಅಂತಾರೆ." ನಕ್ಕ. ಆಮೇಲೆ ಬೆರಳು ಗೀರಿಗೆ ತಗುಲಿತು. ನಗು ಹಾಗೇ ನಿಂತಿತು. "ಈ ಕಡೆಯಿಂದ ಉಜ್ಜುಗೊರಡು ಹಾಕಿ ಹೆರಿ. ಗೀರು ಉಳಿದರೆ ಅಲ್ಲೇ ಸೀಳುತ್ತೆ," ಎಂದು ಬೇರೆ ಕಡೆ ನೋಡಿದ.

ಅವನು ಹೋದ ಮೇಲೆ ಹಲಗೆಯ ಮೂಲೆ ಹಿಡಿದು ತೂಗಿಸಿ, ಗೆಣ್ಣಿನಿಂದ ಮೂರು ಸಲ ತಟ್ಟಿದೆ. ನಾಲ್ಕು ಕೇಳಿಸಿತು.

ಕಾರ್ಖಾನೆಯಲ್ಲಿ ನನ್ನ ಕೆಲಸವೇ ತಟ್ಟುವುದು. ಹಲಗೆಗೆ ಅಂಟಿಸಿದ ಮರದ ತೆಳುಹಾಳೆ ಎಲ್ಲಾದರೂ ಎದ್ದಿದೆಯೇ ಎಂದು ಗೆಣ್ಣಿನಿಂದ ತಟ್ಟಿ ನೋಡಬೇಕು. ಎದ್ದಲ್ಲಿ ಪೊಳ್ಳು ಸದ್ದು, ಕೂತಲ್ಲಿ ಗಟ್ಟಿ ಸದ್ದು. ಅಲ್ಲಿನ ಶೆಡ್ಡಿನಲ್ಲಿ ದಿನವಿಡೀ ಟಕ್ ಟಕ್. ಅದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಆ ಮಂಗಳವಾರ ಮೂರು ಗಂಟೆಗೆ ಪಾಲಿಶ್ ಕೋಣೆಯ ಕಡೆಯಿಂದ ತಟ್ಟುವ ಸದ್ದು ಬಂತು. ಹತ್ತಿರದ ಮೇಜು ನನ್ನದು. ಅಣ್ಣ ಯಾವುದೋ ಕಪಾಟಿನ ಬಾಗಿಲು ನೋಡುತ್ತಿದ್ದಾನೆ ಅಂದುಕೊಂಡೆ. ಗಟ್ಟಿ ಇದೆ, ಪೊಳ್ಳಿಲ್ಲ ಎಂದು ಮನಸ್ಸಿನಲ್ಲೇ ಪಾಸು ಮಾಡಿದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಒಂದೇ ಸೂರಿನಡಿ ಇರುವ ಅತ್ತಿಗೆಗೂ. ಬರುವ ಗುರುವಾರ ಆ ಸಾವುಗಳ ವಿಚಾರಣೆ. ಹಲಗೆ ಮುಂದಿಟ್ಟರೆ ಬಾಗಿಲು ತೆರೆದಿರಲಿಲ್ಲವೆಂದು ಹಲಗೆಯೇ ಹೇಳುತ್ತದೆ. ಆದರೆ ಸದ್ದು ಯಾರಿಗೆ ಕೇಳಿಸಿತು ಎಂದೂ ಕೇಳುತ್ತಾರೆ. ಹೆರೆದರೆ ಗೀರೂ ಹೋಗುತ್ತದೆ, ಪ್ರಶ್ನೆಯೂ. ಎರಡು ಸಲ ಉಜ್ಜುಗೊರಡು ಇಟ್ಟು, ಎರಡು ಸಲ ತೆಗೆದೆ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಅತ್ತಿಗೆ ಹೊಲಿಗೆ ಯಂತ್ರದ ಮುಂದಿದ್ದವಳು, ಕಾಲು ನಿಲ್ಲಿಸದೆ, "ಇವತ್ತು ಬೀಗ ತಂದಿಲ್ವಾ ಮೇಸ್ತ್ರಿಗಳು?" ಎಂದಳು.

ಅವನು ಕೇಳಿಸದಂತೆ ನೇರ ಅಡುಗೆಮನೆಗೆ ಬಂದು ಹಲಗೆ ತಿರುವಿ ನೋಡಿದ. "ಕಾವಲಿನವನು ಹೇಳಿದ. ಇದನ್ನ ಗುರುವಾರ ಹೊತ್ಕೊಂಡು ಬರೋದು ಬೇಡ. ಈಗಲೇ ಹೆರೆದುಬಿಡು, ನೋಡ್ಕೊಂಡು ಹೋಗ್ತೀನಿ."

"ಬೇಕಾದರೆ ನೀವೇ ತಗೊಂಡು ಹೋಗಿ."

"ನಾನು ತಗೊಂಡು ಹೋದರೆ ಕಿತ್ಕೊಂಡ ಅಂತೀಯ. ನೀನು ಹೆರೆದರೆ ಅದು ನಿನ್ನ ಹವ್ಯಾಸ."

ನಾನು ಕೈಕಟ್ಟಿ ನಿಂತೆ. ಅವನು ದನಿ ಇಳಿಸಿದ, ಅತ್ತಿಗೆಗೆ ಕೇಳುವಷ್ಟೇ. "ಆವತ್ತು ಹತ್ತಿರದ ಮೇಜಲ್ಲಿ ಯಾರಿದ್ದರು ಅಂತ ನಾನೂ ಹೇಳಬೇಕಾಗುತ್ತೆ. ಒಳಗಿಂದ ತಟ್ಟಿದ್ದು ಯಾರ ಕಿವಿಗೆ ಬಿತ್ತು ಅಂತ."

ಹೊಲಿಗೆ ಯಂತ್ರ ನಿಂತಿತು.

ಅತ್ತಿಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬೆರಳಿನಲ್ಲಿ ದಾರ ಹಾಗೇ ಇತ್ತು. "ಕೇಳಿಸಿತ್ತಾ?"

"ಕೇಳಿಸಿತ್ತು," ಅಂದೆ. "ಕೆಲಸದ ಸದ್ದು ಅಂದ್ಕೊಂಡೆ. ಗುರುವಾರ ನಾನೇ ಹೇಳ್ತೀನಿ."

ಅವಳು ನನ್ನ ಕೈಗಳನ್ನೇ ನೋಡಿದಳು. ಅವಳು ಹೊಡೆದಿದ್ದರೆ ಸುಲಭವಾಗುತ್ತಿತ್ತು.

ಮೇಸ್ತ್ರಿಗೆ ಗೆದ್ದೆನೆನ್ನಿಸಿರಬೇಕು. ಉಜ್ಜುಗೊರಡನ್ನು ಎತ್ತಿ ಅತ್ತಿಗೆಯ ಕೈಗೇ ಕೊಟ್ಟ. "ನೋಡಮ್ಮ, ಇವಳು ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ನಿನ್ನ ಗಂಡ ಇರ್ತಿದ್ದ. ಇಂಥವಳ ಪರ ಯಾಕೆ ನಿಲ್ತೀಯ? ಹೆರಿ ಅಂತ ಹೇಳು. ನೀನು ಹೇಳಿದರೆ ಕೇಳ್ತಾಳೆ."

ಅದು ನಿಜ. ಆ ಗಳಿಗೆಯಲ್ಲಿ ಅವಳು ಏನು ಹೇಳಿದ್ದರೂ ಮಾಡುತ್ತಿದ್ದೆ.

ಅತ್ತಿಗೆ ಹಲಗೆಯ ಹತ್ತಿರ ಬಂದಳು. ಗೀರುಗಳ ಮೇಲೆ ತನ್ನ ನಾಲ್ಕು ಬೆರಳಿಟ್ಟು ನೋಡಿದಳು. ಅವುಗಳ ಹರವು ಅವಳ ಬೆರಳುಗಳಿಗಿಂತ ಅಗಲವಿತ್ತು. ನನ್ನ ಕಡೆ ತಿರುಗಲಿಲ್ಲ.

"ಇವಳ ಹತ್ತಿರ ನಾನು ಆಮೇಲೆ ಮಾತಾಡ್ತೀನಿ," ಎಂದಳು ಮೇಸ್ತ್ರಿಗೆ. "ಹೆರಿ ಅಂತ ಹೇಳಲ್ಲ."