ಗೂಡು ಬಿಚ್ಚಿದ ಮನೆ

ಆವಲಪ್ಪನ ಮನೆ ಹರಾಜಾದದ್ದು ಸಾವಿರದ ಒಂಬೈನೂರ ಮೂವತ್ತಮೂರರ ಮಾಘದಲ್ಲಿ. ಆ ವರ್ಷ ಸುಗಟೂರಿನಲ್ಲಿ ಹರಾಜಾದ ಮನೆ ಅದೊಂದೇ ಅಲ್ಲ. ಆದರೆ ಅವನ ಹೆಂಡತಿ ವೆಂಕಟರತ್ನಮ್ಮನ ಮಟ್ಟಿಗೆ ಅದೊಂದೇ.

ಮಾಲೂರು ಸೀಮೆಯ ಲಕ್ಕೂರಿನಿಂದ ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಚಿಕ್ಕವಳು. ಬಂದ ಹೊಸತರಲ್ಲಿ ತವರನ್ನು ನೆನೆದು ಅಳುತ್ತಿದ್ದ ಅವಳನ್ನು ಅತ್ತೆ ಒಂದು ಬೆಳಗ್ಗೆ ಮಾಳಿಗೆಗೆ ಹತ್ತಿಸಿ, ಅವರೆಕಾಯಿ ಹರವಲು ಕೂರಿಸಿದ್ದರು. ಅಲ್ಲಿಂದ ಕೋಲಾರದ ಬೆಟ್ಟದ ಸಾಲು ತೆಳು ನೀಲಿಯಾಗಿ ಕಾಣುತ್ತಿತ್ತು. ಅದನ್ನು ನೋಡುತ್ತ ಕೂತವಳು ಅಳು ಮರೆತಳು. ಕಲ್ಲುಚಪ್ಪಡಿಯ ಜಗಲಿ, ನಡುವೆ ಆಕಾಶ ಕಾಣುವ ತೊಟ್ಟಿ, ತೊಟ್ಟಿಯ ಮೂಲೆಯಲ್ಲಿ ತುಳಸಿ. ಮಗಳು ಶಾಮಲಮ್ಮ ಹುಟ್ಟಿದ್ದು ತೊಟ್ಟಿಯ ಪಕ್ಕದ ಕತ್ತಲೆ ಕೋಣೆಯಲ್ಲಿ. ಮಾವ ಕಣ್ಣು ಮುಚ್ಚಿದ್ದು ಅದೇ ಜಗಲಿಯ ಮೇಲೆ.

ಊರಿನಲ್ಲಿ ಎಲ್ಲರೂ ರೇಷ್ಮೆಹುಳು ಸಾಕಿ ಗೂಡು ಮಾರುತ್ತಿದ್ದರು. ಗೂಡು ಬೇಯಿಸಿ ನೂಲು ಬಿಚ್ಚುವವರು ಬೇರೆ ಊರಿನವರು. ಹಣ ಹೆಚ್ಚಾಗಿ ಅವರಿಗೇ ಹೋಗುತ್ತಿತ್ತು. ರೇಷ್ಮೆಗೆ ಒಳ್ಳೆಯ ಬೆಲೆ ಇದ್ದ ಕಾಲ. ನಾವೇ ಯಾಕೆ ಬಿಚ್ಚಬಾರದು ಎಂದು ಆವಲಪ್ಪನಿಗೆ ಅನ್ನಿಸಿತು. ಕೋಲಾರದ ಒಬ್ಬ ಸಾಹುಕಾರನಿಗೆ ಮನೆಯನ್ನು ಅಡವು ಬರೆದುಕೊಟ್ಟು, ಹಿತ್ತಲಿನಲ್ಲಿ ಒಲೆ ಕಟ್ಟಿಸಿ ನೂಲು ಬಿಚ್ಚುವ ನಾಲ್ಕು ಚರಕ ಹಾಕಿಸಿದ. ಮೊದಲ ವರ್ಷ ಕೈ ತುಂಬ ಹಣ ಬಂತು.

"ಈಗ ಕೈಯಾಗೈತೆ. ಹೋಗಿ ಪತ್ರ ಬಿಡಿಸ್ಕೊಂಡು ಬಂದ್ಬಿಡು," ಅಂದಳು ವೆಂಕಟರತ್ನಮ್ಮ.

"ಇನ್ನೊಂದು ವರ್ಷ ಕಣೇ. ಇನ್ನೂ ನಾಲ್ಕು ಚರಕ ಹಾಕಿದ್ರೆ ಮುಂದಿನ ವರ್ಷ ಪತ್ರಾನೂ ಬಿಡಿಸ್ತೀನಿ, ನಿನಗೊಂದು ಜೊತೆ ಬಳೇನೂ ತರ್ತೀನಿ."

"ನನಗೆ ಬಳೆ ಬೇಡ. ಮನೆ ನಮ್ಮ ಕೈಗೆ ಬಂದ್ರೆ ಸಾಕು."

ಅವನು ನಕ್ಕ. ಚರಕಗಳು ಎಂಟಾದವು.

ಮರು ವರ್ಷ ಬೆಲೆ ಇಳಿಯಿತು. ದಲ್ಲಾಳಿಗಳ ಮೋಸ ಎಂದು ಜನ ಮೊದಲು ಬೈದರು. ಆಮೇಲೆ ಬೆಂಗಳೂರಿಗೆ ನೂಲು ಒಯ್ದವರು ಬೇರೆಯೇ ಸುದ್ದಿ ತಂದರು. ಜಪಾನಿನಿಂದ ಹಡಗುಗಟ್ಟಲೆ ನೂಲು ಬಂದು ಇಳಿಯುತ್ತಿದೆಯಂತೆ. ಅದರ ಜೊತೆಗೆ ವಿಲಾಯಿತಿಯಿಂದ ಬಣಾವಟಿ ರೇಷ್ಮೆ ಬೇರೆ. ಹುಳುವೂ ಬೇಡ, ಸೊಪ್ಪೂ ಬೇಡ, ಯಂತ್ರದಲ್ಲೇ ತಯಾರಾಗುತ್ತದಂತೆ. ಲೋಕದಲ್ಲೆಲ್ಲ ವ್ಯಾಪಾರ ಬಿದ್ದುಹೋಗಿದೆಯಂತೆ. ಸುಗಟೂರಿನಲ್ಲಿ ಯಾರೂ ಜಪಾನಿನವನೊಬ್ಬನನ್ನು ಕಂಡವರಲ್ಲ. ಆದರೂ ಆವಲಪ್ಪನ ಒಲೆಗಳು ಒಂದೊಂದಾಗಿ ಆರಿದವು. ಗೂಡು ಕೊಳ್ಳಲು ಹಾಕಿದಷ್ಟು ಹಣ ನೂಲು ಮಾರಿದರೂ ಹುಟ್ಟುತ್ತಿರಲಿಲ್ಲ. ಬಡ್ಡಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು.

ಕೋರ್ಟಿನ ಅಮೀನ ಬಂದ ದಿನ ಬೀದಿಯಲ್ಲಿ ತಮಟೆ ಹೊಡೆಸಿದರು. ಹರಾಜು ಕೂಗಿದವರಲ್ಲಿ ಹೆಚ್ಚಿಗೆ ಕೂಗಿದವನು ಶ್ರೀನಿವಾಸಪುರದ ಹುಣಸೆಹಣ್ಣಿನ ವ್ಯಾಪಾರಿ ದೊಡ್ಡವೆಂಕಟಪ್ಪ. ಎಲ್ಲ ಮುಗಿದ ಮೇಲೆ ಅವನು ಬಾಗಿಲ ಹತ್ತಿರ ಬಂದು, ಒಳಗೆ ಕಾಲಿಡದೆ ನಿಂತ.

"ನಾನು ಕೂಗದಿದ್ರೆ ಇನ್ನೊಬ್ಬ ಕೂಗ್ತಿದ್ದ, ತಂಗೀ. ಅವಸರ ಏನೂ ಇಲ್ಲ. ನಿಧಾನವಾಗಿ ಖಾಲಿ ಮಾಡಿ."

ಬೈದಿದ್ದರೆ ವೆಂಕಟರತ್ನಮ್ಮ ತಿರುಗಿ ಬೈಯುತ್ತಿದ್ದಳು. ಅವನು ಒಳ್ಳೆಯ ಮಾತಾಡಿದ್ದು ಅವಳಿಗೆ ಸಹಿಸಲಾಗಲಿಲ್ಲ. ಆ ಸಂಜೆಯೇ ಪಾತ್ರೆಗಳನ್ನು ಹೊರಗಿಟ್ಟಳು.

ಅದೇ ಬೀದಿಯ ಕೊನೆಯಲ್ಲಿ ಮುನಿಯಲ್ಲಮ್ಮ ಎಂಬ ವಿಧವೆಯ ಹುಲ್ಲುಮಾಡಿನ ಮನೆ ಬಾಡಿಗೆಗೆ ಸಿಕ್ಕಿತು. ಆವಲಪ್ಪ ಅವರಿವರ ಹೊಲದಲ್ಲಿ ದುಡಿದ, ಸೊಪ್ಪು ಹೊತ್ತ. ಮೊದಮೊದಲು ಗಂಡಹೆಂಡಿರ ನಡುವೆ ಮಾತು ಶುರುವಾದರೆ ಮನೆ ಹೋದ ವಿಷಯಕ್ಕೇ ಬಂದು ನಿಲ್ಲುತ್ತಿತ್ತು.

"ಜಪಾನಿನವರು ನಮ್ಮ ಮನೆ ತೆಗೆದ್ರು ಕಣೇ."

"ಆಮೇಲಿನ ನಾಲ್ಕು ಚರಕ ಜಪಾನಿನವರು ಬಂದು ಹಾಕಿದ್ರಾ?"

ಆದರೆ ಎದುರು ಸಾಲಿನ ಮುನಿಶಾಮಿಯ ವಿಷಯ ಬಂದರೆ ಅವಳ ಮಾತು ತಡೆಯುತ್ತಿತ್ತು. ಮುನಿಶಾಮಿ ಎಂಥ ಎಚ್ಚರದವನೆಂದು ಊರಿಗೇ ಗೊತ್ತು. ಬೀಡಿಯನ್ನು ಕೂಡ ಅರ್ಧ ಸೇದಿ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುವವನು. ಹಿಪ್ಪುನೇರಳೆ ತೋಟಕ್ಕೆ ಬಾವಿ ತೋಡಿಸಲು ಒಂದು ಸಲ ಮಾತ್ರ ಸಾಲ ಮಾಡಿದ್ದ. ಗೂಡು ಮಾರಿ ತಪ್ಪದೆ ಕಟ್ಟುತ್ತಲೂ ಇದ್ದ. ಗೂಡನ್ನು ಕೇಳುವವರೇ ಇಲ್ಲವಾದಾಗ ಅವನ ಮನೆಯೂ ಹೋಯಿತು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚಿನ್ನದ ಗಣಿಗೆ ಕೂಲಿಗೆ ಹೋದ.

"ಮುನಿಶಾಮಿ ಏನು ತಪ್ಪು ಮಾಡಿದ್ದ? ಹೇಳು," ಅಂತ ಆವಲಪ್ಪ ಒಂದು ದಿನ ಕೇಳಿದ.

ಅವಳು, "ಅವನು ಮಾಡಿಲ್ಲ. ಅವನು ಮಾಡಿಲ್ಲ ಅಂದ್ರೆ ನೀನೂ ಮಾಡಿಲ್ಲ ಅಂತ ಆಗ್ತದಾ?" ಅಂದಳು.

ಅಲ್ಲಿಂದಾಚೆ ಜಪಾನಿನ ಹೆಸರು ಎತ್ತುವುದನ್ನೇ ಆವಲಪ್ಪ ಬಿಟ್ಟ.

ಕೆರೆಗೆ ಹೋಗಲು ಹಳೆಯ ಮನೆಯ ಮುಂದಿನ ದಾರಿಯೇ ಹತ್ತಿರ. ವೆಂಕಟರತ್ನಮ್ಮ ಊರು ಬಳಸಿ ಹೋಗುತ್ತಿದ್ದಳು. ದೊಡ್ಡವೆಂಕಟಪ್ಪ ಮನೆಗೆ ಬೀಗ ಹಾಕಿ ಹುಣಸೆಹಣ್ಣು ತುಂಬಿಸಿದ್ದ. ಬಿಸಿಲು ಜೋರಾದ ದಿನ ಅದರ ಹುಳಿ ವಾಸನೆ ಬೀದಿಯ ಕೊನೆಯವರೆಗೂ ಬರುತ್ತಿತ್ತು. ಆ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಳೆ ಬಂದರೆ ಇನ್ನೊಂದು ಸಂಕಟ. ಆ ಮಾಳಿಗೆಯ ಈಶಾನ್ಯ ಮೂಲೆಗೆ ವರ್ಷ ವರ್ಷ ಚೌಳು ಮಣ್ಣು ಬಡಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಅದು ಆ ವ್ಯಾಪಾರಿಗೆ ಹೇಗೆ ಗೊತ್ತಾಗಬೇಕು? ಮೂರನೆಯ ಮಳೆಗಾಲಕ್ಕೆ ಅವಳಿಗೆ ತಡೆಯಲಾಗಲಿಲ್ಲ.

"ಹೋಗಿ ಅವನಿಗೆ ಒಂದು ಮಾತು ಹೇಳಿ ಬಾ. ಗೋಡೆ ನೆನೆದ್ರೆ ಬಿದ್ದೋಗ್ತದೆ."

"ಬಿದ್ರೆ ಅವನ ಗೋಡೆ."

"ಗೋಡೆ ಯಾರದಾದ್ರೇನು? ಹೋಗು."

ಹೋದವನು ಸಂಜೆ ಬಂದಾಗ ಮೊಣಕೈವರೆಗೂ ಚೌಳು ಮಣ್ಣು ಮೆತ್ತಿತ್ತು. ಅವಳು ಕೈ ತೊಳೆಯಲು ನೀರು ಹೊಯ್ದಳು.

ಶಾಮಲಮ್ಮನ ಮದುವೆ ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆ ಗೊತ್ತಾದಾಗ ದೊಡ್ಡವೆಂಕಟಪ್ಪ ತಾನಾಗಿ ಹೇಳಿ ಕಳಿಸಿದ: ಹುಣಸೆಹಣ್ಣು ತೆಗೆಸಿ ಕೊಡುತ್ತೇನೆ, ಚಪ್ಪರ ಅಲ್ಲೇ ಹಾಕಿ, ಹುಡುಗಿ ಹುಟ್ಟಿದ ಮನೆ. ಮಗಳ ಕಣ್ಣಿನಲ್ಲಿ ಆಸೆ ಇತ್ತು. ತಾಯಿಯ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚಿತ್ತು. ಆದರೂ ಅವಳು ಒಪ್ಪಲಿಲ್ಲ. "ಎರಡು ದಿನಕ್ಕೆ ಹೋಗಿ ಮೂರನೇ ದಿನ ಹೊರಗೆ ಬರೋದು ನನ್ನ ಕೈಲಾಗಲ್ಲ. ಒಂದು ಸಲ ಬಂದಿದ್ದು ಸಾಕು," ಅಂದಳು. ಮದುವೆ ಗಂಡಿನ ಮನೆಯಲ್ಲೇ ಆಯಿತು.

ಅಷ್ಟರಲ್ಲಿ ಯುದ್ಧ ಬಂತು. ಜಪಾನು ಇಂಗ್ಲಿಷರ ಮೇಲೆ ಬಿದ್ದದ್ದೇ ಅದರ ನೂಲು ಬರುವುದು ನಿಂತುಹೋಯಿತು. ವಿಮಾನದಿಂದ ಕೆಳಗೆ ಹಾರುವ ಸಿಪಾಯಿಗಳ ಕೊಡೆಗೆ ರೇಷ್ಮೆಯೇ ಬೇಕಂತೆ, ಎಷ್ಟಿದ್ದರೂ ಸರ್ಕಾರ ಕೊಳ್ಳುತ್ತದಂತೆ. ಕೇಳುವವರಿಲ್ಲದೆ ಬಿದ್ದಿದ್ದ ಗೂಡಿಗೆ ಜನ ಮುಗಿಬಿದ್ದರು. ದೊಡ್ಡವೆಂಕಟಪ್ಪ ಹುಣಸೆಹಣ್ಣು ಖಾಲಿ ಮಾಡಿಸಿ ಆ ಮನೆಯಲ್ಲೇ ಚರಕ ಹಾಕಿಸಿದ. ಹಾಕಿಸಿದವನಿಗೆ ಕೆಲಸ ಗೊತ್ತಿಲ್ಲ. ಹುಲ್ಲುಮಾಡಿನ ಮನೆಯ ಮುಂದೆ ಬಂದು ನಿಂತು, ತನ್ನ ತೆಲುಗು ಬೆರೆತ ಮಾತಿನಲ್ಲಿ ಕರೆದ.

"ಏಮಯ್ಯಾ ಆವಲಪ್ಪಾ, ನನಗೆ ಹುಣಸೆಹಣ್ಣು ಗೊತ್ತು, ನೂಲು ಗೊತ್ತಿಲ್ಲ. ನೀನು ಬಂದು ನಡೆಸು. ಲಾಭದಲ್ಲಿ ಕಾಲು ಪಾಲು ನಿನಗೆ."

ಅವನು ಹೋದ ಮೇಲೆ ವೆಂಕಟರತ್ನಮ್ಮ ಗಂಡನ ಮುಖ ನೋಡಿದಳು. "ನಿನ್ನ ಮನೆಗೆ ನೀನೇ ಕೂಲಿಗೆ ಹೋಗ್ತೀಯಾ?"

"ಮನೆಗೆ ಹೋಗಲ್ಲ ಕಣೇ. ಕೆಲಸಕ್ಕೆ ಹೋಗ್ತೀನಿ."

ನಾಲ್ಕು ವರ್ಷ ಹೋದ. ಅದೇ ಹಿತ್ತಲು, ಅದೇ ಕೈ, ಅದೇ ಕೆಲಸ. ಅಂದು ಮುಳುಗಿಸಿದ ನೂಲು ಈಗ ಬುಟ್ಟಿಗಟ್ಟಲೆ ಹಣ ತಂದು ದೊಡ್ಡವೆಂಕಟಪ್ಪನಿಗೆ ಕೊಟ್ಟಿತು. ಕಾಲು ಪಾಲು ಆವಲಪ್ಪನಿಗೂ ಬಂತು. ಸಂಜೆ ಬೆಂದ ಗೂಡಿನ ವಾಸನೆ ಹೊತ್ತು ಬರುವ ಗಂಡನನ್ನು ಅವಳು ಕೆಲಸದ ವಿಷಯ ಕೇಳುತ್ತಿರಲಿಲ್ಲ. ರಾಗಿಮುದ್ದೆ ಬಡಿಸುತ್ತ, "ತುಳಸಿ ಐತಾ?" ಅನ್ನುವಳು.

"ಐತೆ."

"ತೊಟ್ಟಿಗೆ ಗಾಳಿ ಆಡ್ತದಾ ಈಗಲೂ?"

"ಆಡ್ತದೆ."

ಅಷ್ಟೇ. ಅದರಾಚೆಗಿನದನ್ನು ಅವಳು ಮನಸ್ಸಿನಲ್ಲೇ ಕಾಣುತ್ತಿದ್ದಳು.

ಯುದ್ಧ ಮುಗಿದ ಮರು ವರ್ಷ ದೊಡ್ಡವೆಂಕಟಪ್ಪ ಮತ್ತೆ ಬಂದ. ಕೈಯಲ್ಲಿ ಊರುಗೋಲು ಇತ್ತು. ಶ್ರೀನಿವಾಸಪುರದ ತನ್ನ ಮಾವಿನ ತೋಪಿನಲ್ಲಿ ಕೂತು ಇರುವಷ್ಟು ದಿನ ಕಳೆಯುತ್ತೇನೆ, ಸುಗಟೂರಿನ ಮನೆ ಮಾರುತ್ತೇನೆ ಅಂದ. "ಬೇರೆಯವರಿಗೆ ಕೇಳೋ ಮುಂಚೆ ನಿನಗೆ ಹೇಳ್ತಿದ್ದೀನಿ ಆವಲಪ್ಪಾ. ಅರ್ಧ ಈಗ ಕೊಡು. ಇನ್ನರ್ಧಕ್ಕೆ ಮನೆ ಮೇಲೇ ಪತ್ರ ಬರ್ಕೊಡು, ಎರಡು ವರ್ಷದಲ್ಲಿ ತೀರಿಸು. ಅಮ್ಮಾಯಿ, ನೀನೊಂದು ಸಲ ಬಂದು ನೋಡಮ್ಮಾ."

ಅರ್ಧದಷ್ಟು ಅವರ ಕೈಯಲ್ಲಿತ್ತು. ಮರುದಿನ ಬೆಳಗ್ಗೆ ವೆಂಕಟರತ್ನಮ್ಮ ತಲೆ ಬಾಚಿ, ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟು, ಗಂಡನ ಜೊತೆ ಹತ್ತಿರದ ದಾರಿಯಲ್ಲೇ ಹೋದಳು. ಹೊಸ್ತಿಲಲ್ಲಿ ಕಾಲು ತಾನಾಗಿ ಎತ್ತರಕ್ಕೆ ಎದ್ದಿತು. ಆ ಹೊಸ್ತಿಲು ಎತ್ತರವೆಂಬುದು ಕಾಲಿಗೆ ಮರೆತಿರಲಿಲ್ಲ. ಒಳಗೆ ಗೋಡೆಗಳೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದವು. ಬೆಂದ ಹುಳುವಿನ ನಾತ ಚಪ್ಪಡಿಗಳಿಗೇ ಅಂಟಿತ್ತು. ಶಾಮಲಮ್ಮನನ್ನು ಹೆತ್ತ ಕೋಣೆಯಲ್ಲಿ ಗೂಡಿನ ಚೀಲಗಳಿದ್ದವು. ತುಳಸಿಕಟ್ಟೆಯಲ್ಲಿ ಒಣಗಿದ ಕಡ್ಡಿ ಮಾತ್ರ ಇತ್ತು. ಅದು ಒಣಗಿ ವರ್ಷಗಳೇ ಆಗಿದ್ದಂತೆ ಕಂಡಿತು. ಅವಳು ಗಂಡನ ಕಡೆ ತಿರುಗಿದಳು. ಅವನು ಬೇರೆಲ್ಲೋ ನೋಡುತ್ತಿದ್ದ.

ಮಾಳಿಗೆಗೆ ಹತ್ತಿದಳು. ಬೆಟ್ಟ ಇದ್ದಲ್ಲೇ ಇತ್ತು. ಈಶಾನ್ಯ ಮೂಲೆಯ ಮಣ್ಣು ಗಟ್ಟಿಯಾಗಿತ್ತು. ಅಲ್ಲೇ ಕುಕ್ಕರಿಸಿ ಕೂತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಗೋಡೆಗೆ ಸುಣ್ಣ ಬಳಿದರಾಯಿತು, ತುಳಸಿ ನೆಟ್ಟರಾಯಿತು, ಚಪ್ಪಡಿಯನ್ನು ಸೀಗೆಪುಡಿ ಹಾಕಿ ಉಜ್ಜಿದರಾಯಿತು ಎಂದು ಲೆಕ್ಕ ಹಾಕುತ್ತ ಇಳಿದು ಬಂದಳು.

ಮನೆಗೆ ಬಂದವಳೇ, "ತಗೊಂಡ್ಬಿಡೋಣ," ಅಂದಳು.

ಆವಲಪ್ಪ ಗೋಡೆಗೆ ಒರಗಿ ಕೂತಿದ್ದ. "ಬೇಡ ಕಣೇ."

"ಬೇಡವಾ?"

"ಕೊಡೆ ಹೊಲಿಯೋದು ನಿಂತೋಯ್ತು. ಜಪಾನು ಬಿದ್ದಿದೆ, ಸತ್ತಿಲ್ಲ. ಎದ್ದು ಕೂತ್ಕೊಂಡ್ರೆ ಮತ್ತೆ ಅದೇ ಕಥೆ. ನೂಲು ನಂಬಿ ಎರಡು ವರ್ಷದಾಗೆ ತೀರಿಸ್ತೀನಿ ಅಂತ ಬರ್ಕೊಡೋದು ನನ್ನ ಕೈಲಾಗಲ್ಲ."

"ಅವತ್ತು ನಾನು ಬೇಡ ಅಂದೆ, ನೀನು ಕೇಳಲಿಲ್ಲ. ಇವತ್ತು ನಾನೇ ಬೇಕು ಅಂತಿದ್ದೀನಿ, ಇವತ್ತು ನಿನಗೆ ಬುದ್ಧಿ ಬಂತಾ?" ಅವನ ಮುಂದೆ ಬಂದು ಕೂತಳು. "ಎಲ್ಲರೂ ಒಂದೊಂದು ಸಲ ಸಾಲ ಮಾಡ್ತಾರೆ. ಒಂದೇ ಒಂದು ಸಲ ನನಗೋಸ್ಕರ ಮಾಡು."

"ನಿನಗೋಸ್ಕರವೇ ಬೇಡ ಅಂತಿರೋದು. ನಿನ್ನನ್ನ ಆ ಬಾಗಿಲಿಂದ ಇನ್ನೊಂದು ಸಲ ಹೊರಗೆ ಕರ್ಕೊಂಡು ಬರೋಕೆ ನನಗೆ ಆಗಲ್ಲ."

ಅವಳು ಬೇಡಿದಳು, ಬೈದಳು, ಮುದ್ದೆ ಮಾಡದೆ ಒಲೆ ಆರಿಸಿದಳು. ಅವನು ಜಗ್ಗಲಿಲ್ಲ. ಮನೆಯನ್ನು ಮಾಲೂರಿನ ಕಡೆಯ ಒಬ್ಬ ರೇಷ್ಮೆ ವ್ಯಾಪಾರಿ ಸಾಲ ಮಾಡಿ ಕೊಂಡುಕೊಂಡ. ದೊಡ್ಡವೆಂಕಟಪ್ಪ ಎತ್ತಿನ ಗಾಡಿಯಲ್ಲಿ ಊರು ಬಿಡುವಾಗ ಅವರ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, "ಪೋನೀಲೇ ಅಮ್ಮಾ, ಹೋಗಲಿ ಬಿಡು," ಅಂದ. ಅವಳು ಹೊರಗೆ ಬರಲಿಲ್ಲ.

ಕೂಡಿಟ್ಟಿದ್ದ ಹಣದಲ್ಲಿ ಆವಲಪ್ಪ ಕೋಲಾರದ ದಾರಿಯ ಪಕ್ಕ ಒಂದು ತುಂಡು ಜಾಗ ಕೊಂಡು ಎರಡು ಅಂಕಣದ ಹಂಚಿನ ಮನೆ ಕಟ್ಟಿದ. ಉಳಿದದ್ದಕ್ಕೆ ಎರಡು ಹಸು ತಂದ. ರೇಷ್ಮೆಯ ಹತ್ತಿರ ಮತ್ತೆ ಸುಳಿಯಲಿಲ್ಲ. ಅವನು ಹೇಳಿದಷ್ಟು ಬೇಗ ಅಲ್ಲದಿದ್ದರೂ, ಹೇಳಿದಂತೆಯೇ ಬೆಲೆ ಮುರಿಯಿತು. ನಲವತ್ತೊಂಬತ್ತರಲ್ಲಿ ಮಾಲೂರಿನವನು ಕುಟುಂಬ ಸಮೇತ ರಾತ್ರೋರಾತ್ರಿ ಊರು ಬಿಟ್ಟ. ಬಾಗಿಲಿಗೆ ಕೋರ್ಟಿನ ಮುದ್ರೆ ಬಿತ್ತು. ಜನ ಆವಲಪ್ಪನನ್ನು ಬುದ್ಧಿವಂತ ಅಂದರು. ವೆಂಕಟರತ್ನಮ್ಮನಿಗೆ ಆ ಮಾತು ಕೇಳಿ ಸಂತೋಷವಾಗಲಿಲ್ಲ. ಆ ಮನೆಯ ಸೊಸೆಯನ್ನು ಅವಳು ನೀರಿನ ದಾರಿಯಲ್ಲಿ ಕಂಡಿದ್ದಳು. ಇನ್ನೂ ಎಳೆಯ ಹುಡುಗಿ, ಬಸುರಿ.

ಸುದ್ದಿ ಬಂದ ಸಂಜೆ ಗಂಡಹೆಂಡಿರು ಹೊಸ ಮನೆಯ ಮುಂದೆ ಕೂತಿದ್ದರು. ಹಸುಗಳು ಮೆಲುಕು ಹಾಕುತ್ತಿದ್ದವು.

"ನೀನು ಹೇಳಿದ್ದೇ ಸರಿಯಾಯ್ತು," ಅಂದಳು ಅವಳು.

"ಹ್ಞೂ."

"ಈ ಮನೇನೂ ಚೆನ್ನಾಗೈತೆ. ಸೋರಲ್ಲ."

ಆವಲಪ್ಪ ಹಸುವಿನ ಮುಂದೆ ಹುಲ್ಲು ತಳ್ಳಿದ. "ಆ ಮನೆ ಥರ ಅಲ್ಲ, ಅಲ್ವಾ?"

"ಅಲ್ಲ."

"ನನಗೂ ಅಲ್ಲ ಕಣೇ," ಅಂದ ಅವನು. "ನಾಲ್ಕು ವರ್ಷ ಅಲ್ಲಿ ಕೆಲಸ ಮಾಡಿದ್ನಲ್ಲ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ್ಮೇಲೆ ಅಪ್ಪ ಮಲಗ್ತಿದ್ದ ಜಾಗದಾಗೆ ಒಂದು ಗಳಿಗೆ ಮಲಗಿ ಬರ್ತಿದ್ದೆ. ನಿನಗೆ ಹೇಳಿದ್ರೆ ನೀನೂ ಬರ್ತೀನಿ ಅಂತೀಯ ಅಂತ ಹೇಳಲಿಲ್ಲ."

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷವೂ ಆ ಹಂಬಲ ತನ್ನೊಬ್ಬಳದೇ ಎಂದುಕೊಂಡಿದ್ದಳು. ಬಯ್ಯಲು ಏನಾದರೂ ಸಿಗುತ್ತದೋ ಎಂದು ಹುಡುಕಿದಳು; ಸಿಗಲಿಲ್ಲ. ಅವನ ಪಕ್ಕಕ್ಕೆ ಸರಿದು ಕೂತು, ಎಲೆಗೆ ಸುಣ್ಣ ಸವರಿ, ಮಡಿಸಿ ಅವನ ಕೈಗೆ ಕೊಟ್ಟಳು. ಕತ್ತಲಾಗುವವರೆಗೂ ಇಬ್ಬರೂ ಆ ಮನೆಯ ಮಾತನ್ನೇ ಆಡುತ್ತ ಕೂತರು.