ಗೋಡೆ ತೂರುವ ಗೆರೆ

ಸಪ್ಪೊರೊ ಊರನ್ನು ಗ್ರಾಫ್ ಹಾಳೆಯ ಮೇಲೆ ಕೂತು ಕಟ್ಟಿರಬೇಕು. ಇಲ್ಲಿ ಬೀದಿಗಳಿಗೆ ದಿಕ್ಕು ಮತ್ತು ಅಂಕಿಯೇ ಹೆಸರು. ಅದಕ್ಕೇ ಏನೋ, ಗಣಿತದ ಕುಡೋ ಮೇಷ್ಟ್ರು ಇಡೀ ಊರೇ ತಮ್ಮ ಕರಿಹಲಗೆ ಎಂದುಕೊಂಡಿದ್ದರು.

ಶಾಲೆಯಿಂದ ಎರಡು ಕಿಲೋಮೀಟರಿಗಿಂತ ದೂರವಿರುವ ಮಕ್ಕಳಿಗೆ ಮಾತ್ರ ಸೈಕಲ್ ಅನುಮತಿ. ನನ್ನ ತಂಗಿ ಚಿಹಾರು ಬೆಳಿಗ್ಗೆ ಅಜ್ಜಿಗೆ ಗಂಜಿ ಕುಡಿಸಿ ಓಡಬೇಕು. ಬ್ಯಾಂಡಿನ ಅಭ್ಯಾಸಕ್ಕೆ ಇನ್ನೊಮ್ಮೆ ತಡವಾದರೆ ಅವಳ ತುತ್ತೂರಿ ಬೇರೆಯವರ ಪಾಲು.

ಮೇಷ್ಟ್ರು ಅವಳನ್ನು ಹಲಗೆಯ ಮುಂದೆ ನಿಲ್ಲಿಸಿದರು. "ನಿಮ್ಮನೆ ಪಶ್ಚಿಮಕ್ಕೆ ಹನ್ನೆರಡು ಬೀದಿ, ಉತ್ತರಕ್ಕೆ ಒಂಬತ್ತು. ಎರಡರ ವರ್ಗಾನೂ ಕೂಡು, ವರ್ಗಮೂಲ ತೆಗಿ. ಎಷ್ಟು ಬಂತು?"

"ಹದಿನೈದು, ಮೇಷ್ಟ್ರೇ."

"ಬೀದಿಗೆ ನೂರಿಪ್ಪತ್ತು ಮೀಟರ್, ಅಂದ್ರೆ ಸಾವಿರದ ಎಂಟುನೂರು. ಸೈಕಲ್ ಇಲ್ಲ, ಕೂತ್ಕೊ."

"ಆದ್ರೆ ನಾನು ನಡೆಯೋದು ಇಪ್ಪತ್ತೊಂದು ಬೀದಿ, ಎರಡೂವರೆ ಕಿಲೋಮೀಟರ್. ಮಧ್ಯೆ ಮನೆಗಳಿವೆಯಲ್ಲ."

"ನೇರ ಗೆರೆಗೆ ಮನೆ ಕಾಣಲ್ಲಮ್ಮ."

ಅಜ್ಜಿಯ ಕಥೆಗಳಲ್ಲಿ ಗೋಡೆ ತೂರಿ ಹೋಗುವುದು ದೆವ್ವಗಳು ಮಾತ್ರ, ಅವಕ್ಕೋ ಪಾದಗಳೇ ಇರುವುದಿಲ್ಲ. ನಮ್ಮ ಶಾಲೆ ಪಾದವಿರುವ ಮಕ್ಕಳಿಂದಲೇ ಅದನ್ನು ಬಯಸುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಮೇಷ್ಟ್ರು ಮಕ್ಕಳ ಮನೆಗಳಿಗೆ ಭೇಟಿ ಕೊಡುವ ಪದ್ಧತಿ. ಯಾರ ಮನೆಯಲ್ಲೂ ಏನನ್ನೂ ಕುಡಿಯಬಾರದೆಂದು ಶಾಲೆಯ ಕಟ್ಟಪ್ಪಣೆ. ಆದರೂ ಅಮ್ಮ ಚಹಾ ಇಟ್ಟು ಹೊಸ್ತಿಲಲ್ಲಿ ಕಾದಳು. ಹೇಳಿದ ಹೊತ್ತು ಮೀರಿತು. ಒಂದು ನಿಮಿಷ ತಡವಾದರೂ ಸೊಂಟ ಬಗ್ಗಿಸಿ ಕ್ಷಮೆ ಕೇಳುವ ಊರಿದು. ಕೊನೆಗೆ ಬಂದರು, ಟೈ ಭುಜದ ಮೇಲೆ, ಉಸಿರು ಬಾಯಲ್ಲಿ. ಮನೆಯಿಂದ ಮನೆಗೆ ನಡೆಯುವ ಹೊತ್ತನ್ನೂ ಮಹಾಶಯರು ಅದೇ ಸೂತ್ರ ಹಾಕಿ ಗೊತ್ತುಮಾಡಿದ್ದರಂತೆ.

"ಗೋಡೆ ಅಡ್ಡ ಬಂತಾ, ಮೇಷ್ಟ್ರೇ?" ಅಜ್ಜಿ ಒಳಗಿನಿಂದಲೇ ವಿಚಾರಿಸಿದಳು.

ಮೇಷ್ಟ್ರು ಕುಡಿಯಬಾರದ ಚಹಾವನ್ನು ಗಟಗಟ ಕುಡಿದರು. ಮುಂದಿನ ಮನೆಯವರೂ ಹೊಸ್ತಿಲಲ್ಲಿ ನಿಂತಿರುತ್ತಾರೆ. ಗಡಿಯಾರ ನೋಡಿಕೊಂಡರು, ಆಮೇಲೆ ಗೋಡೆಗೆ ಒರಗಿಸಿಟ್ಟ ತಂಗಿಯ ಸೈಕಲ್ಲನ್ನು.

"ಚಿಹಾರು, ಅದನ್ನ ಸ್ವಲ್ಪ ಕೊಡ್ತೀಯಾ?"

"ಆ ಮನೆ ಎಷ್ಟು ದೂರ?"

"ನೇರ ಹೋದ್ರೆ ಹತ್ತೇ ಬೀದಿ..." ಎಂದವರು ನಾಲಿಗೆ ಕಚ್ಚಿಕೊಂಡರು.

"ಹಾಗಾದ್ರೆ ಸೈಕಲ್ ಇಲ್ಲ, ಮೇಷ್ಟ್ರೇ."

ಅಮ್ಮ ಅವಳ ತೋಳು ಚಿವುಟಿದಳು. ಚಿಹಾರು ಹ್ಯಾಂಡಲ್ ಹಿಡಿದವಳು ಬಿಡಲಿಲ್ಲ.

ಮೇಷ್ಟ್ರು ಚೀಲ ತಡಕಿ, ಅನುಮತಿಯ ನೀಲಿ ಸ್ಟಿಕ್ಕರ್ ತೆಗೆದು, ಹಿಂದಿನ ಮಡ್‌ಗಾರ್ಡಿಗೆ ತಾವೇ ಅಂಟಿಸಿದರು. "ನಡೆಯೋ ದಾರೀನೂ ಲೆಕ್ಕಕ್ಕೆ ತಗೋಬಹುದು, ಕೆಲವು ಸಂದರ್ಭದಲ್ಲಿ," ಎಂದು ಮಡ್‌ಗಾರ್ಡಿಗೇ ಹೇಳಿದರು.

ಆಮೇಲೆ ಆ ಪುಟ್ಟ ಸೈಕಲ್ ಹತ್ತಿ, ಮೊಣಕಾಲು ಗದ್ದಕ್ಕೆ ಬಡಿಸಿಕೊಳ್ಳುತ್ತ ಬೀದಿಯ ತುದಿಯವರೆಗೆ ತುಳಿದು, ಎಲ್ಲರಂತೆ ಮೂಲೆಯಲ್ಲಿ ತಿರುಗಿದರು.